ಟಾವರ್ ಕೆಲಸದ ಗುತ್ತಿಗೆದಾರರು ಮತ್ತು ವಿಮೆಯ ಅವಶ್ಯಕತೆ

(ಸಂಘದ ರಜತ ಮಹೋತ್ಸವದ ಅಂಗವಾಗಿ ಹಿರೇವಡ್ಡಟ್ಟಿಯಲ್ಲಿ ಜರುಗಿದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಹಿರೇವಡ್ಡಟ್ಟಿ ನನ್ನ ತಾಯಿಯ ತವರೂರು. ಸಣ್ಣವನಿದ್ದಾಗ ಸೂಟಿಗೆ ಇಲ್ಲಿಗೆ ಬಂದು ಕಪ್ಪತಗುಡ್ಡದ ಕಡೆ ನೋಡುತ್ತ ಆಡಿದವನು ನಾನು. ಆದ್ದರಿಂದ ಇಲ್ಲಿ ಭಾಷಣಕ್ಕಿಂತ ಮನೆಯ ಮಾತು ಆಡಿದರೆ ಚೆಂದ ಎಂದು ತಿಳಿದಿದ್ದೇನೆ.

ಕಾರ್ಯದರ್ಶಿಯವರು ಫೋನು ಮಾಡಿ ವಿಷಯ ಯಾವುದು ಅಂತ ಕೇಳಿದಾಗ, "ಟಾವರ್ ಕೆಲಸದ ಗುತ್ತಿಗೆದಾರರಿಗೆ ಬೇಕಾದ ವಿಮೆ" ಅಂದೆ. ಅವರು ನಕ್ಕರು. "ಸಾಹೇಬ್ರ, ಇದು ರೈತರ ಸಂಘ. ನಮ್ಮೂರಾಗ ಟಾವರ್ ಕಟ್ಟೋ ಕಂಪನಿ ಎಲ್ಲಿ ಐತ್ರಿ?" ಅಂದರು. ಕಂಪನಿ ಇಲ್ಲ, ಖರೆ. ಆದರೆ ಟಾವರ್ ಏರುವ ಕೈಕಾಲು ಇಂಥ ಹಳ್ಳಿಗಳವೇ. ಮಳೆ ಕೈಕೊಟ್ಟ ವರ್ಷ ಗುಳೆ ಹೋದ ಹುಡುಗರು ಈ ಕೆಲಸ ಕಲಿತರು. ನಾಲ್ಕು ವರ್ಷ ಏರಿದವನು ಐದನೆಯ ವರ್ಷ ತಾನೇ ಆರು ಜನರ ತಂಡ ಕಟ್ಟುತ್ತಾನೆ, ಒಂದು ಪಿಕಪ್ ಗಾಡಿ ಸಾಲದ ಮೇಲೆ ತರುತ್ತಾನೆ, ಅಲ್ಲಿಗೆ ಗುತ್ತಿಗೆದಾರ ಆಗುತ್ತಾನೆ. ಗಾಡಿಯ ಸಾಲಕ್ಕೆ ಅಪ್ಪನ ಹೊಲದ ಉತಾರ ಎಲ್ಲಿಗೆ ಬರುತ್ತದೆ? ಇಂಥ ಸಂಘಕ್ಕೇ ಬರುತ್ತದೆ. ಹಂಗಾಗಿ ಇದು ರೈತರ ವಿಷಯವೇ ಹೌದು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಸುಮಾರು ಹತ್ತು ವರ್ಷ ಟಾವರ್ ಕೆಲಸದ ಸಣ್ಣ ಗುತ್ತಿಗೆ ಮಾಡಿದವನು. ಆಮೇಲೆ ವಿಮೆಯ ಕೆಲಸಕ್ಕೆ ಬಂದೆ. ಯಾಕೆ ಬಂದೆ ಎಂಬುದನ್ನು ಮುಂದೆ ಹೇಳುತ್ತೇನೆ. ಇವತ್ತು ಯಾರಿಗೂ ಪಾಲಿಸಿ ಮಾರಲಿಕ್ಕೆ ನಾನು ಬಂದಿಲ್ಲ. ಚೀಲದಾಗ ಒಂದು ಅರ್ಜಿ ಫಾರ್ಮು ಸುದ್ದಾ ತಂದಿಲ್ಲ.

ಮೊದಲು ವಿಮೆ ಅಂದರೇನು ಎಂಬುದನ್ನು ನೋಡೋಣ. ನಮ್ಮ ಕಡೆ ಒಬ್ಬನ ಮೇವಿನ ಬಣವಿಗೆ ಬೆಂಕಿ ಬಿದ್ದರೆ ಊರವರು ಮನೆಗೆ ಒಂದು ಹೊರೆಯಂತೆ ಮೇವು ಹಾಕಿ ಅವನ ಎತ್ತು ಉಳಿಸುತ್ತಿದ್ದರು. ಒಬ್ಬನ ಹೊಲದ ಕೆಲಸ ಹಿಂದೆ ಬಿದ್ದರೆ ಮುಯ್ಯಾಳು ಹೋಗುತ್ತಿದ್ದರು. ಒಬ್ಬನ ಮೇಲೆ ಬಿದ್ದ ಭಾರವನ್ನು ನೂರು ಮಂದಿ ಹಂಚಿಕೊಂಡರೆ ಯಾರ ಬೆನ್ನೂ ಮುರಿಯುವುದಿಲ್ಲ. ಇದೇ ಸಹಕಾರ, ಇದೇ ವಿಮೆ. ನಮ್ಮ ಗದಗ ಸೀಮೆಯವರಿಗೆ ಇದನ್ನು ಬೇರೆಯವರು ಕಲಿಸಬೇಕಿಲ್ಲ. 1904ರಲ್ಲಿ ಸಹಕಾರ ಸಂಘಗಳ ಕಾಯಿದೆ ಬಂತು. ಮರು ವರ್ಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಆ ಮಣ್ಣಿನ ಮಂದಿ ನಾವು.

ಇನ್ನು ನಿಸ್ತಂತು ಸಂಪರ್ಕದ ಮಾತು. ನಮ್ಮ ಹಿರಿಯರಿಗೆ ತಂತಿ ಇಲ್ಲದ ಸುದ್ದಿ ಅಂದರೆ 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ. ಆಮೇಲೆ ಊರಿನ ಮನೆಗಳ ಮೇಲೆ ಟಿ.ವಿ. ಆಂಟೆನಾ ಬಂದವು. 1995ರ ಜುಲೈ 31ರಂದು ಕಲಕತ್ತೆಯಿಂದ ದಿಲ್ಲಿಗೆ ದೇಶದ ಮೊದಲ ಮೊಬೈಲ್ ಕರೆ ಹೋಯಿತು. ಅಂದಿನಿಂದ ಟಾವರ್‌ಗಳು ಹೊಲದ ಬದುವಿಗೆ, ಗುಡ್ಡದ ನೆತ್ತಿಗೆ, ಪೇಟೆಯ ಮಾಳಿಗೆಗೆ ಬಂದು ನಿಂತವು. ಕೆಲಸ ಇನ್ನೂ ನಿಂತಿಲ್ಲ. ಸಂಪರ್ಕವೇ ಇಲ್ಲದ ಹಳ್ಳಿಗಳಿಗೆ 4ಜಿ ಮುಟ್ಟಿಸುವ ಯೋಜನೆಗೆ ಕೇಂದ್ರ ಸಂಪುಟ 2022ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿತು. 2025ರ ಸೆಪ್ಟೆಂಬರದಲ್ಲಿ ಬಿ.ಎಸ್.ಎನ್.ಎಲ್. ತನ್ನ ಸ್ವದೇಶಿ 4ಜಿ ಜಾಲವನ್ನು ಸುಮಾರು 97,500 ಟಾವರ್‌ಗಳೊಂದಿಗೆ ಉದ್ಘಾಟಿಸಿತು. ಇಷ್ಟನ್ನೂ ಯಾರೋ ಒಬ್ಬ ಮನುಷ್ಯ ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ಮೇಲೇರಿ ಬಿಗಿದಾನ. ಅದನ್ನು ನಾವು ಫೋನು ಕಿವಿಗೆ ಹಿಡಿದಾಗ ನೆನೆಯುವುದಿಲ್ಲ.

ನೆಲದ ಮೇಲೆ ನಿಲ್ಲುವ ಟಾವರು ಸಾಮಾನ್ಯವಾಗಿ 40 ರಿಂದ 60 ಮೀಟರ್ ಎತ್ತರ. ಬೀಳುವುದು ಒಂದೇ ಅಪಾಯ ಅಂತ ತಿಳಿಯಬೇಡಿರಿ. ಮುಂಗಾರಿನ ಮೊದಲು ನಮ್ಮ ಸೀಮೆಯಲ್ಲಿ ಬರುವ ಗುಡುಗು ಸಿಡಿಲು ನಿಮಗೆ ಗೊತ್ತು. ಸುತ್ತೆಲ್ಲ ಬಯಲು, ನಡುವೆ ಒಂದೇ ಒಂದು ಕಬ್ಬಿಣದ ಕಂಬ, ಅದರ ಮೇಲೆ ಮನುಷ್ಯ. ಗಾಳಿ ಎಷ್ಟು ಜೋರು ಎಂಬುದಕ್ಕೆ ಕಪ್ಪತಗುಡ್ಡದ ಸಾಲಿನ ಗಾಳಿಯಂತ್ರಗಳೇ ಸಾಕ್ಷಿ. ಕ್ರೇನಿನ ಕೈ ವಿದ್ಯುತ್ ತಂತಿಗೆ ತಾಗಬಹುದು. ಮೇಲಿಂದ ಒಂದು ಸ್ಪ್ಯಾನರು ಜಾರಿದರೆ ಕೆಳಗೆ ಕುರಿ ಮೇಯಿಸುವ ಹುಡುಗನ ತಲೆ ಒಡೆಯಬಹುದು. ಅರ್ಧ ನಿಂತ ಟಾವರು ಬಿರುಗಾಳಿಗೆ ಮಲಗಬಹುದು. ರಾತ್ರಿ ತಾಮ್ರದ ಕೇಬಲ್ಲು, ಬ್ಯಾಟರಿ ಕಳುವಾಗಬಹುದು. ಬೆಳಗಿನ ಜಾವ ಕೆಲಸಕ್ಕೆ ಹೊರಟ ಗಾಡಿಯೇ ಪಲ್ಟಿ ಹೊಡೆಯಬಹುದು.

ಇದೆಲ್ಲ ಆದರೆ ಯಾರ ಮೈಮೇಲೆ ಬರುತ್ತದೆ? ಇಲ್ಲಿಯೇ ತಿಳಿಯಬೇಕಾದ ಸಂಗತಿ ಇದೆ. ಮೇಲೆ ಮೊಬೈಲ್ ಕಂಪನಿ. ಅದರ ಕೆಳಗೆ ಟಾವರ್ ಕಂಪನಿ. ಅದರ ಕೆಳಗೆ ದೊಡ್ಡ ಗುತ್ತಿಗೆದಾರ. ಅವನ ಕೆಳಗೆ ಉಪಗುತ್ತಿಗೆದಾರ. ಎಲ್ಲರ ಕೆಳಗೆ ನಮ್ಮ ಪಿಕಪ್ ಗಾಡಿಯ ಹುಡುಗ. ಹಣ ಮೇಲಿಂದ ಕೆಳಗೆ ಇಳಿಯುವಾಗ ಪ್ರತಿ ಮೆಟ್ಟಿಲಲ್ಲಿ ಸೋರುತ್ತದೆ. ಹೊಣೆ ಮಾತ್ರ ಒಂದು ಹನಿಯೂ ಸೋರದೆ ಕೆಳಗಿಳಿಯುತ್ತದೆ. ಕೆಲಸದ ಆದೇಶದ ಹಿಂದಿನ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ, ಏನೇ ಅಪಘಾತವಾದರೂ ಉಪಗುತ್ತಿಗೆದಾರನೇ ಹೊಣೆ, ಮೇಲಿನವರಿಗೆ ತಟ್ಟಿದ ನಷ್ಟವನ್ನೂ ಅವನೇ ತುಂಬಿಕೊಡಬೇಕು ಎಂದು ಬರೆದಿರುತ್ತದೆ. ನಾವು ರೊಕ್ಕದ ಪುಟ ನೋಡಿ ಸಹಿ ಮಾಡುತ್ತೇವೆ.

ನಾನೂ ಹಾಗೆಯೇ ಸಹಿ ಮಾಡಿದವನು. ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ಗದಗ ಮತ್ತು ಕೊಪ್ಪಳದ ನಡುವೆ ಒಂದು ಹಳ್ಳಿಯಲ್ಲಿ ಟಾವರ್ ಕೆಲಸ ಹಿಡಿದಿದ್ದೆ. ಮೇಲಿನವರು, "ವಿಮೆಯ ಕಾಗದ ಕೊಡಿ, ಇಲ್ಲದಿದ್ದರೆ ಬಿಲ್ಲು ಆಗುವುದಿಲ್ಲ" ಅಂದರು. ನಾನು ಪೇಟೆಗೆ ಹೋಗಿ, "ಎಲ್ಲಕ್ಕಿಂತ ಕಡಿಮಿದು ಯಾವುದೈತಿ ಅದನ್ನು ಕೊಡ್ರಿ" ಅಂತ ಕೇಳಿ ಒಂದು ಪಾಲಿಸಿ ಮಾಡಿಸಿದೆ. ನನ್ನ ಬಳಿ ಏಳು ಜನ ಇದ್ದರು, ನಾಲ್ಕು ಅಂತ ಬರೆಸಿದೆ. ಸಂಬಳ ಅರ್ಧ ತೋರಿಸಿದೆ. ಕೆಲಸ ಯಾವುದು ಅಂದರೆ ಅಡಿಪಾಯ ಮತ್ತು ಕೇಬಲ್ ಕೆಲಸ ಅಂತ ಹೇಳಿದೆ, ಎತ್ತರದ ಕೆಲಸ ಅಂದರೆ ಪ್ರೀಮಿಯಂ ಹೆಚ್ಚು ಅಂದಿದ್ದರು. ಕಾಗದ ಫೈಲಿಗೆ ಸೇರಿತು, ಬಿಲ್ಲು ಆತು, ನಾನು ಶಾಣ್ಯಾ ಅಂತ ನನಗೆ ನಾನೇ ತಿಳಕೊಂಡೆ.

ಎರಡು ತಿಂಗಳು ಕಳೆಯಲಿಲ್ಲ. ಒಬ್ಬ ಹುಡುಗ, ಇಪ್ಪತ್ನಾಲ್ಕು ವರ್ಷ ವಯಸ್ಸು, ಮೇಲೆ ಆಂಟೆನಾ ಬಿಗಿದು ಇಳಿಯುತ್ತಿದ್ದ. ಇನ್ನೇನು ನೆಲ ಬಂತು ಅಂತ ಹುಕ್ಕು ಬಿಚ್ಚಿದ. ಇಪ್ಪತ್ತು ಅಡಿ ಮೇಲಿಂದ ಕಾಲು ಜಾರಿತು. ಬೆನ್ನೆಲುಬಿಗೆ ಪೆಟ್ಟಾಗಿ ಹುಬ್ಬಳ್ಳಿಯಲ್ಲಿ ಎರಡು ಸಲ ಶಸ್ತ್ರಚಿಕಿತ್ಸೆ ಆಯಿತು. ಜೀವ ಉಳಿಯಿತು, ಆದರೆ ಅವನು ಮತ್ತೆ ದುಡಿಯುವ ಮೈಯಾಗಲಿಲ್ಲ. ನಾನು ಪಾಲಿಸಿ ಹಿಡಿದು ಓಡಿದೆ. ಅವರು ಹಾಜರಿ ಪುಸ್ತಕ ಕೇಳಿದರು, ಸಂಬಳದ ಪಟ್ಟಿ ಕೇಳಿದರು, ಕೆಲಸದ ಆದೇಶ ಕೇಳಿದರು. ಒಂದಕ್ಕೊಂದು ತಾಳೆ ಬೀಳಲಿಲ್ಲ. ಎತ್ತರದ ಕೆಲಸ ಪಾಲಿಸಿಯಲ್ಲಿ ಇಲ್ಲ, ಆ ಹುಡುಗ ನಾಲ್ವರ ಲೆಕ್ಕದಲ್ಲಿ ಇದ್ದಾನೋ ಇಲ್ಲವೋ ಗೊತ್ತಿಲ್ಲ. ಕ್ಲೇಮು ತಿರಸ್ಕಾರ ಆಯಿತು. ಸಿಟ್ಟಿನಿಂದ ಬೈದೆ. ಆದರೆ ಮನೆಗೆ ಬಂದು ರಾತ್ರಿ ಕುಳಿತು ಯೋಚಿಸಿದಾಗ ತಪ್ಪು ಅವರದಲ್ಲ, ನನ್ನದು ಅಂತ ತಿಳಿಯಿತು. ಸುಳ್ಳು ಬರೆಸಿದವನು ನಾನು.

ಎರಡು ಎಕರೆ ಎರಿ ಹೊಲ ಮಾರಿದೆ. ಅಪ್ಪ ಒಂದು ಮಾತೂ ಆಡಲಿಲ್ಲ. ಕಾಗದಕ್ಕೆ ಹೆಬ್ಬೆಟ್ಟು ಒತ್ತುವಾಗ ಮಾತ್ರ, "ಆ ಹುಡುಗನ ಹೊಟ್ಟಿಗೆ ಹೋಗತೈತಿ, ಹೋಗಲಿ" ಅಂದ. ಆ ಹುಡುಗ ಈಗ ಕೋಲು ಹಿಡಿದು ನಡೆಯುತ್ತಾನೆ, ಒಂದು ಹಿಟ್ಟಿನ ಗಿರಣಿ ಇಟ್ಟುಕೊಂಡಾನ. ನಾನು ಗುತ್ತಿಗೆ ಬಿಟ್ಟು ವಿಮೆಯ ಪಾಠ ಓದಲು ಹೋದೆ. ಇವತ್ತು ಇಲ್ಲಿ ನಿಂತಿರುವುದು ಆ ಎರಡು ಎಕರೆ ಹೊಲ ಕಲಿಸಿದ ಪಾಠ ಒಪ್ಪಿಸಲಿಕ್ಕೆ.

ಈಗ ಕಾನೂನು ಏನು ಹೇಳುತ್ತದೆ ಎಂಬುದನ್ನು ಸರಳವಾಗಿ ಹೇಳುತ್ತೇನೆ. ಕೆಲಸದಲ್ಲಿ ಪೆಟ್ಟಾದ ಕಾರ್ಮಿಕನಿಗೆ ಮಾಲೀಕ ಪರಿಹಾರ ಕೊಡಬೇಕೆಂಬ ಕಾಯಿದೆ 1923ರಲ್ಲಿಯೇ ಬಂದಿತ್ತು. ಅದು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ. ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂತು. ಮೂಲತತ್ವ ಬದಲಾಗಿಲ್ಲ. ಸಾವು ಸಂಭವಿಸಿದರೆ ತಿಂಗಳ ಸಂಬಳದ ಅರ್ಧವನ್ನು, ವಯಸ್ಸಿಗೆ ತಕ್ಕಂತೆ ಕೊಟ್ಟಿರುವ ಒಂದು ಅಂಕಿಯಿಂದ ಗುಣಿಸಬೇಕು. ಪೂರ್ಣ ಅಂಗವಿಕಲನಾದರೆ ಶೇಕಡಾ 60ರಿಂದ ಲೆಕ್ಕ. ಈ ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 8,000 ರೂಪಾಯಿ ಇದ್ದದ್ದು 2020ರ ಜನವರಿಯಲ್ಲಿ 15,000ಕ್ಕೆ ಏರಿತು. ಇಪ್ಪತ್ನಾಲ್ಕು ವಯಸ್ಸಿನವನಿಗೆ ಆ ಅಂಕಿ 218.47. ಹದಿನೈದು ಸಾವಿರದ ಅರ್ಧ ಏಳೂವರೆ ಸಾವಿರ. ಗುಣಿಸಿ ನೋಡ್ರಿ, 16,38,525 ರೂಪಾಯಿ ಆಗುತ್ತದೆ. ಒಂದು ಸಣ್ಣ ಗುತ್ತಿಗೆದಾರನ ಗಾಡಿ, ಮನೆ, ಹೊಲ ಎಲ್ಲ ಸೇರಿದರೂ ಕೆಲವೊಮ್ಮೆ ಇಷ್ಟಾಗುವುದಿಲ್ಲ.

ಇದರಲ್ಲಿ ನಾಲ್ಕು ಸಂಗತಿ ನಮ್ಮವರಿಗೆ ತಿಳಿದಿರುವುದಿಲ್ಲ. ಮೊದಲನೆಯದು, "ಅಂವ ಬೆಲ್ಟ ಹಾಕ್ಕೊಂಡಿರಲಿಲ್ರಿ, ತಪ್ಪು ಅವಂದು" ಎಂಬ ಮಾತು. ಸಣ್ಣ ಗಾಯದಲ್ಲಿ ಆ ವಾದ ನಡೆದೀತು. ಸಾವು ಅಥವಾ ಪೂರ್ಣ ಅಂಗವೈಕಲ್ಯ ಆದಾಗ ನಡೆಯುವುದಿಲ್ಲ. ಪರಿಹಾರ ಕೊಡಲೇಬೇಕು. ಎರಡನೆಯದು, ಗುತ್ತಿಗೆದಾರನ ಆಳಿಗೆ ಪೆಟ್ಟಾದರೆ ಮೇಲಿನ ಮೂಲ ಮಾಲೀಕನಿಂದಲೂ ಪರಿಹಾರ ಕೇಳಬಹುದು. ಆದರೆ ಅವನು ಕೊಟ್ಟದ್ದನ್ನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದು. ಮೂರನೆಯದು, ಸಾವಾದಾಗ ಊರ ಹಿರಿಯರ ಮುಂದೆ ಕುಳಿತು ಇಷ್ಟು ಕೊಟ್ಟೆ, ಮುಗೀತು ಅಂತ ಸ್ಟಾಂಪ್ ಕಾಗದ ಬರೆಸುವುದು. ಕಾನೂನಿನ ಕಣ್ಣಿಗೆ ಅದು ಪರಿಹಾರ ಕೊಟ್ಟ ಹಾಗೆ ಆಗುವುದಿಲ್ಲ. ಹಣವನ್ನು ಗೊತ್ತುಪಡಿಸಿದ ಅಧಿಕಾರಿಯ ಬಳಿ ಜಮಾ ಮಾಡಬೇಕು, ಅಲ್ಲಿಂದ ಅವಲಂಬಿತರಿಗೆ ಹೋಗಬೇಕು. ಇಲ್ಲದಿದ್ದರೆ ಎರಡನೆಯ ಸಲ ಕೊಡುವ ಪ್ರಸಂಗ ಬರುತ್ತದೆ. ನಾಲ್ಕನೆಯದು, ಹೊಸ ಸಂಹಿತೆಯಂತೆ ಮನೆಯಿಂದ ಕೆಲಸದ ಜಾಗಕ್ಕೆ ಹೋಗಿ ಬರುವಾಗ ಆದ ಅಪಘಾತವೂ, ಕೆಲಸಕ್ಕೆ ಸಂಬಂಧ ಇದ್ದರೆ, ಲೆಕ್ಕಕ್ಕೆ ಬರುತ್ತದೆ.

ಇಷ್ಟು ಭಾರ ಹೊರಲಿಕ್ಕೆ ಯಾವ ಯಾವ ವಿಮೆ ಬೇಕು? ಒಂದೊಂದಾಗಿ ಹೇಳುತ್ತೇನೆ.

ಒಂದು, ನೌಕರರ ಪರಿಹಾರ ವಿಮೆ. ಇದು ಗುತ್ತಿಗೆದಾರನ ಮೊದಲ ವಿಮೆ. ಈಗ ಹೇಳಿದ ಕಾನೂನಿನ ಪರಿಹಾರವನ್ನು ಗುತ್ತಿಗೆದಾರನ ಪರವಾಗಿ ವಿಮಾ ಕಂಪನಿ ಕೊಡುತ್ತದೆ. ಪ್ರೀಮಿಯಂ ನಿರ್ಧಾರವಾಗುವುದು ವರ್ಷಕ್ಕೆ ನಾವು ಕೊಡುವ ಒಟ್ಟು ಸಂಬಳದ ಮೇಲೆ ಮತ್ತು ಕೆಲಸದ ಸ್ವರೂಪದ ಮೇಲೆ. ಆಸ್ಪತ್ರೆಯ ಖರ್ಚು ಬೇಕಾದರೆ ಅದನ್ನು ಕೇಳಿ ಸೇರಿಸಿಕೊಳ್ಳಬೇಕು. ನಮ್ಮ ಕೆಳಗೆ ಮತ್ತೊಬ್ಬ ಉಪಗುತ್ತಿಗೆದಾರನ ಆಳುಗಳಿದ್ದರೆ ಅವರನ್ನೂ ಹೇಳಿ ಸೇರಿಸಬೇಕು. ಪರಿಹಾರ ತಡಮಾಡಿದ್ದಕ್ಕೆ ಬೀಳುವ ಬಡ್ಡಿ, ದಂಡ ಸಾಮಾನ್ಯವಾಗಿ ಪಾಲಿಸಿಯಲ್ಲಿ ಬರುವುದಿಲ್ಲ. ಹಂಗಾಗಿ ತಡ ಮಾಡಬಾರದು.

ಎರಡು, ಗುಂಪು ಅಪಘಾತ ವಿಮೆ. ಮೊದಲನೆಯದು ಮಾಲೀಕನ ಹೊಣೆಗೆ, ಇದು ಆಳಿನ ಮನೆಗೆ. ಯಾರ ತಪ್ಪು ಎಂಬ ವಿಚಾರ ಇಲ್ಲದೆ ಗೊತ್ತಾದ ಮೊತ್ತ ಬರುತ್ತದೆ. ಇದರಲ್ಲಿ ಗುತ್ತಿಗೆದಾರ ತನ್ನ ಹೆಸರನ್ನೂ ಸೇರಿಸಬೇಕು. ಸಣ್ಣ ಗುತ್ತಿಗೆದಾರ ತಾನೂ ಟಾವರ್ ಏರುತ್ತಾನೆ. ಆದರೆ ಅವನು ಮಾಲೀಕ, ತನಗೆ ತಾನೇ ನೌಕರ ಅಲ್ಲ. ಮೊದಲನೆಯ ಪಾಲಿಸಿ ಅವನ ಸ್ವಂತ ಜೀವಕ್ಕೆ ಬರುವುದಿಲ್ಲ. ಇದನ್ನು ಹತ್ತರಲ್ಲಿ ಒಂಬತ್ತು ಮಂದಿ ಮರೆಯುತ್ತಾರೆ.

ಮೂರು, ಸಾರ್ವಜನಿಕ ಹೊಣೆಯ ವಿಮೆ. ಸ್ಪ್ಯಾನರು ಬಿದ್ದು ದಾರಿಹೋಕನಿಗೆ ಪೆಟ್ಟಾದರೆ, ಮಾಳಿಗೆಯ ಮೇಲೆ ಕಂಬ ನಿಲ್ಲಿಸುವಾಗ ಗೋಡೆ ಬಿರುಕು ಬಿಟ್ಟರೆ, ಪಕ್ಕದ ಹೊಲದ ಕೊಳವೆಬಾವಿಯ ಪೈಪು ಒಡೆದರೆ ಅದು ಬೇರೆಯವರಿಗೆ ಆದ ಹಾನಿ. ಆಳುಗಳ ಪಾಲಿಸಿ ಇದಕ್ಕೆ ಉಪಯೋಗ ಇಲ್ಲ.

ನಾಲ್ಕು, ನಿಲ್ಲಿಸುತ್ತಿರುವ ಕೆಲಸದ ವಿಮೆ. ಇದಕ್ಕೆ ಎರೆಕ್ಷನ್ ಆಲ್ ರಿಸ್ಕ್ ಪಾಲಿಸಿ ಅನ್ನುತ್ತಾರೆ. ಸಿವಿಲ್ ಕೆಲಸವೇ ಹೆಚ್ಚಿದ್ದರೆ ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್. ಸಾಮಾನು ಸೈಟಿಗೆ ಇಳಿದ ದಿನದಿಂದ ಕೆಲಸ ಪರೀಕ್ಷೆಯಾಗಿ ಒಪ್ಪಿಸುವ ತನಕ ಬಿರುಗಾಳಿ, ಬೆಂಕಿ, ಕಳವು, ಜೋಡಿಸುವಾಗಿನ ಅವಘಡ ಇವುಗಳಿಗೆ ಇದು ಆಸರೆ. ಮೊದಲ ಇಷ್ಟು ಸಾವಿರ ನಷ್ಟ ನಮ್ಮದೇ ಎಂಬ ಷರತ್ತು ಇರುತ್ತದೆ, ಅದನ್ನು ನೋಡಿಕೊಳ್ಳಬೇಕು. ಅವಧಿ ಮುಗಿದು ಕೆಲಸ ಮುಗಿದಿಲ್ಲ ಅಂದರೆ ಮುಗಿಯುವ ಮೊದಲೇ ಮುಂದುವರಿಸಬೇಕು. ಕೆಲವು ಕಡೆ ಮೇಲಿನ ಕಂಪನಿಯೇ ಇದನ್ನು ಮಾಡಿಸಿರುತ್ತದೆ. ಆಗ ಅದರಲ್ಲಿ ಉಪಗುತ್ತಿಗೆದಾರರೂ ಸೇರಿದ್ದಾರೆಯೇ ಎಂದು ಬರಹದಲ್ಲಿ ಕೇಳಿ ಪಡೆಯಬೇಕು. ಬಾಯಿಮಾತು ಬೇಡ.

ಐದು, ಗಾಡಿಯ ವಿಮೆ. ಮೂರನೆಯವರ ಹೊಣೆಯ ವಿಮೆ 1988ರ ಮೋಟಾರು ವಾಹನ ಕಾಯಿದೆಯಂತೆ ಕಡ್ಡಾಯ, ಅದು ಎಲ್ಲರಿಗೂ ಗೊತ್ತು. ಆದರೆ ನಮ್ಮ ಕಡೆ ಸಾಮಾನಿನ ಗಾಡಿಯ ಹಿಂದೆ ಕಬ್ಬಿಣದ ಮೇಲೆ ಹತ್ತು ಮಂದಿ ಕೂಡುತ್ತಾರೆ. ಸಾಮಾನಿನ ಗಾಡಿಯಲ್ಲಿ ಪುಕ್ಕಟೆ ಕೂಡಿಸಿಕೊಂಡು ಹೋದ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು ಎಂದೋ ಹೇಳಿಯಾಗಿದೆ. ನಮ್ಮ ಕೆಲಸದ ಆಳುಗಳ ಮಟ್ಟಿಗೂ ಎಷ್ಟು ಜನರಿಗೆ ಪಾಲಿಸಿಯಲ್ಲಿ ಜಾಗ ಇದೆಯೋ ಅಷ್ಟೇ ಜನರನ್ನು ಲೆಕ್ಕ ಹಿಡಿಯುತ್ತಾರೆ. ಆಳುಗಳನ್ನು ಒಯ್ಯುವುದಾದರೆ ಅದಕ್ಕೆ ತಕ್ಕ ಗಾಡಿ, ಅದಕ್ಕೆ ತಕ್ಕ ಪಾಲಿಸಿ ಬೇಕು.

ಇವಲ್ಲದೆ ಸಿಗ್ನಲ್ ಅಳೆಯುವ ಯಂತ್ರ, ಕೇಬಲ್ ಜೋಡಿಸುವ ಯಂತ್ರ ಮುಂತಾದ ಬೆಲೆಬಾಳುವ ಉಪಕರಣಗಳಿಗೆ ಬೇರೆ ವಿಮೆ ಇದೆ. ನಕ್ಷೆ, ಲೆಕ್ಕಾಚಾರ ಮಾಡಿಕೊಡುವವರಿಗೆ ವೃತ್ತಿ ಹೊಣೆಯ ವಿಮೆ ಇದೆ. ಎಲ್ಲರಿಗೂ ಎಲ್ಲ ಬೇಡ. ಕೆಲಸ ನೋಡಿ ಆರಿಸಬೇಕು. ರೊಕ್ಕ ಕಡಿಮೆ ಇದ್ದರೆ ಮೊದಲು ಮನುಷ್ಯರ ವಿಮೆ, ಆಮೇಲೆ ಸಾಮಾನಿನ ವಿಮೆ. ಕಬ್ಬಿಣ ಮತ್ತೆ ತರಬಹುದು.

ಆಳುಗಳ ಮನೆಯವರೂ ತಮ್ಮ ಕೈಲಾದದ್ದು ಮಾಡಿಕೊಳ್ಳಬೇಕು. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಾ ವಿಮೆಗೆ 2022ರ ಜೂನ್‌ನಿಂದ ವರ್ಷಕ್ಕೆ 20 ರೂಪಾಯಿ. 18 ರಿಂದ 70 ವಯಸ್ಸಿನವರಿಗೆ, ಅಪಘಾತದಲ್ಲಿ ಸಾವಾದರೆ 2 ಲಕ್ಷ. ಖಾತೆಯಲ್ಲಿ ಮೇ ತಿಂಗಳ ಕೊನೆಗೆ ಇಪ್ಪತ್ತು ರೂಪಾಯಿ ಇಲ್ಲದೆ ಎಷ್ಟೋ ಮನೆಯವರ ವಿಮೆ ನಿಂತುಹೋಗುತ್ತದೆ. ಸಹಕಾರಿ ಸದಸ್ಯರಿಗೆ ಶಸ್ತ್ರಚಿಕಿತ್ಸೆಗೆ ಆಸರೆಯಾಗುವ ಯಶಸ್ವಿನಿ ಯೋಜನೆ 2003ರಲ್ಲಿ ಜಾರಿಗೆ ಬಂದು, 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ಶುರುವಾಯಿತು. ಇನ್ನೊಂದು ಮುಖ್ಯ ಸಂಗತಿ. 1996ರ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯಿದೆಯಲ್ಲಿ ಮನೆ, ರಸ್ತೆ, ಕಾಲುವೆಗಳ ಜೊತೆಗೆ ನಿಸ್ತಂತು, ರೇಡಿಯೋ, ದೂರವಾಣಿ, ಗೋಪುರ ಎಂಬ ಮಾತುಗಳನ್ನೂ ಸ್ಪಷ್ಟವಾಗಿ ಬರೆದಿದ್ದರು. ಆ ಕಾಯಿದೆ ಈಗ ಹೊಸ ಸಂಹಿತೆಗಳಲ್ಲಿ ಸೇರಿಹೋದರೂ ಕಲ್ಯಾಣ ಮಂಡಳಿಯ ವ್ಯವಸ್ಥೆ ಮುಂದುವರಿದಿದೆ. ಗೌಂಡಿಗೆ ಕಾರ್ಡು ಇದೆ, ಟಾವರ್ ಏರುವವನಿಗೆ ಇಲ್ಲ ಎಂಬುದು ತಪ್ಪು ತಿಳುವಳಿಕೆ. ವರ್ಷದಲ್ಲಿ 90 ದಿನ ಕೆಲಸ ಮಾಡಿದವನು ನೋಂದಣಿಗೆ ಅರ್ಜಿ ಹಾಕಬೇಕು. ಆದರೆ ಇವು ಯಾವುವೂ ಗುತ್ತಿಗೆದಾರನ ಹೊಣೆಯನ್ನು ಕಳೆಯುವುದಿಲ್ಲ, ನೆನಪಿರಲಿ.

ಈಗ ಪಾಲಿಸಿ ಕೈಗೆ ಬಂದಾಗ ಏನು ನೋಡಬೇಕು? ನಾವು ರಸಗೊಬ್ಬರ ತಂದಾಗ ಚೀಲದ ಮೇಲೆ ಏನು ಬರೆದಿದೆ ಅಂತ ನೋಡುತ್ತೇವೆ. ಇಫ್ಕೋ ಗೊಬ್ಬರದ ಚೀಲದ ಜೊತೆಗೇ ರೈತನಿಗೆ ಸಂಕಟ ಹರಣ ಎಂಬ ಅಪಘಾತ ವಿಮೆ ಬಂದದ್ದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಅದಕ್ಕೆ ಆಧಾರ ಕೊಂಡ ರಸೀದಿ. ರಸೀದಿ ಕಳೆದವನಿಗೆ ವಿಮೆ ಇದ್ದೂ ಇಲ್ಲ. ಪಾಲಿಸಿಯೂ ಹಾಗೆಯೇ. ಏಳು ಸಂಗತಿ ನೋಡಿರಿ. ಹೆಸರು ಕೆಲಸದ ಆದೇಶದಲ್ಲಿ ಇದ್ದಂತೆಯೇ ಇದೆಯೇ. ಎಷ್ಟು ಮೀಟರ್ ಎತ್ತರದ ಟಾವರ್ ಕೆಲಸ ಎಂಬುದು ಅಕ್ಷರದಲ್ಲಿ ಬಂದಿದೆಯೇ. ಕೆಲಸದ ಜಾಗಗಳು ಬಂದಿವೆಯೇ. ತಾರೀಖು ಮೊದಲ ಆಳು ಸೈಟಿಗೆ ಕಾಲಿಡುವ ಮೊದಲೇ ಶುರುವಾಗಿದೆಯೇ. ಜನರ ಸಂಖ್ಯೆ ಖರೆ ಇದೆಯೇ. ಸಂಬಳ ಖರೆ ಇದೆಯೇ. ಏನೇನು ಬರುವುದಿಲ್ಲ ಎಂಬ ಪಟ್ಟಿ ಓದಿದ್ದೀರಾ. ಇಂಗ್ಲಿಷು ಬರದಿದ್ದರೆ ಓದಿ ಹೇಳುವವರ ಮುಂದೆ ಕೂಡಿರಿ, ಅದರಲ್ಲಿ ನಾಚಿಕೆ ಇಲ್ಲ. ಪ್ರೀಮಿಯಂ ಹಣ ಜಮಾ ಆಗದೆ ವಿಮೆ ಶುರುವಾಗುವುದಿಲ್ಲ ಎಂಬುದು ಕಾಯಿದೆ. ಚೆಕ್ಕು ವಾಪಸಾದರೆ ಪಾಲಿಸಿಯೂ ವಾಪಸು.

ಅವಘಡ ಆದಾಗ ಮೊದಲು ಮನುಷ್ಯನನ್ನು ಆಸ್ಪತ್ರೆಗೆ ಮುಟ್ಟಿಸಬೇಕು. ಅವತ್ತೇ ವಿಮಾ ಕಚೇರಿಗೆ ಬರಹದಲ್ಲಿ ತಿಳಿಸಬೇಕು. ಪೊಲೀಸ್ ದೂರು, ಪಂಚನಾಮೆ, ಆಸ್ಪತ್ರೆಯ ಕಾಗದ, ಹಾಜರಿ ಪುಸ್ತಕ, ಸಂಬಳ ಕೊಟ್ಟ ಬ್ಯಾಂಕ್ ಲೆಕ್ಕ, ಜಾಗದ ಫೋಟೋ ಕೂಡಿಸಿ ಇಡಬೇಕು. ಸಂಬಳ ಕೈಯಲ್ಲಿ ಕೊಡಬೇಡಿರಿ, ಖಾತೆಗೆ ಹಾಕಿರಿ. ಅದೇ ದೊಡ್ಡ ಸಾಕ್ಷಿ. ಅನ್ಯಾಯವಾಗಿ ಕ್ಲೇಮು ತಿರಸ್ಕರಿಸಿದರು ಅನ್ನಿಸಿದರೆ ಮೊದಲು ಆ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ವಿಮಾ ನಿಯಂತ್ರಣ ಪ್ರಾಧಿಕಾರದ 155255 ಎಂಬ ಸಂಖ್ಯೆಗೆ ಫೋನು ಮಾಡಬಹುದು. ಬೆಂಗಳೂರಿನಲ್ಲಿ ವಿಮಾ ಲೋಕಪಾಲರ ಕಚೇರಿ ಇದೆ, ಅಲ್ಲಿ ವಕೀಲರ ಖರ್ಚಿಲ್ಲದೆ ದೂರು ಕೊಡಬಹುದು. ಆದರೆ ನನ್ನಂತೆ ಸುಳ್ಳು ಬರೆಸಿದವನಿಗೆ ಯಾವ ಬಾಗಿಲೂ ತೆರೆಯುವುದಿಲ್ಲ.

"ಇಷ್ಟೆಲ್ಲ ಪ್ರೀಮಿಯಂ ಕಟ್ಟಿದರೆ ನಮಗೇನು ಉಳೀತೈತ್ರಿ?" ಅಂತ ಹುಡುಗರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಡೀಸೆಲ್ಲು, ಕ್ರೇನ್ ಬಾಡಿಗೆ, ಊಟದ ಖರ್ಚು ಹಿಡಿದು ದರ ಹೇಳುತ್ತೀರಲ್ಲ, ಅದರಲ್ಲೇ ವಿಮೆಯನ್ನೂ ಒಂದು ಖರ್ಚು ಅಂತ ಹಿಡಿಯಿರಿ. ವಿಮೆ ಹಿಡಿಯದೆ ಕಡಿಮೆ ದರ ಹೇಳುವವನು ಅಗ್ಗದ ಗುತ್ತಿಗೆದಾರ ಅಲ್ಲ. ಅವನು ತನ್ನ ಅಪ್ಪನ ಹೊಲವನ್ನು ದರದಲ್ಲಿ ಸೇರಿಸಿ ಕೊಡುತ್ತಿದ್ದಾನೆ, ಅಷ್ಟೇ. ನಾಲ್ಕೈದು ತಂಡದವರು ಕೂಡಿ ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ ಅಂತ ಒಂದು ಮಾತಿಗೆ ಬಂದರೆ ಮೇಲಿನವರೂ ಕೇಳುತ್ತಾರೆ. ಕೂಡಿ ನಿಲ್ಲುವುದು ಸಹಕಾರದ ಮೊದಲ ಪಾಠ ಅಲ್ಲವೇ?

ಇನ್ನೊಂದು ಎಚ್ಚರಿಕೆ. ವಿಮೆ ಇದೆ ಅಂತ ಬೆಲ್ಟು ಬಿಡಬೇಡಿರಿ. ವಿಮೆ ಬೀಳುವವನನ್ನು ಹಿಡಿಯುವುದಿಲ್ಲ, ಬಿದ್ದ ಮೇಲೆ ಅವನ ಮನೆಯನ್ನು ಹಿಡಿಯುತ್ತದೆ. ಮೈತುಂಬ ಕಟ್ಟುವ ಬೆಲ್ಟು, ಎರಡು ಹುಕ್ಕು, ಒಂದು ಬಿಚ್ಚುವ ಮೊದಲು ಇನ್ನೊಂದು ಹಾಕುವ ರೂಢಿ, ತಲೆಗೆ ಹೆಲ್ಮೆಟ್ಟು, ಗುಡುಗು ಕೇಳಿದ ಕೂಡಲೆ ಕೆಳಗಿಳಿಯುವ ಬುದ್ಧಿ ಇವು ಬೇಕೇ ಬೇಕು. ಕಾಲು ನೆಲಕ್ಕೆ ಮುಟ್ಟುವ ತನಕ ಹುಕ್ಕು ಬಿಚ್ಚಬಾರದು. ಈ ಮಾತು ಹೇಳುವಾಗ ನನಗೆ ಆ ಹುಡುಗನ ಮುಖ ಕಣ್ಣ ಮುಂದೆ ಬರುತ್ತದೆ.

ಕೊನೆಗೆ ಸಂಘದ ಹಿರಿಯರಲ್ಲಿ ಒಂದು ಬಿನ್ನಹ. ಇಪ್ಪತ್ತೈದು ವರ್ಷದಿಂದ ಸಾಲ ಕೊಡುವಾಗ ತಾವು ಉತಾರ ಕೇಳುತ್ತೀರಿ, ಜಾಮೀನು ಕೇಳುತ್ತೀರಿ. ಇನ್ನು ಮೇಲೆ ಇಂಥ ಕೆಲಸಕ್ಕಾಗಿ ಗಾಡಿ, ಸಾಮಾನಿಗೆ ಸಾಲ ಕೇಳಿ ಬರುವ ಹುಡುಗನಿಗೆ, "ತಮ್ಮಾ, ನಿನ್ನ ಆಳುಗಳ ವಿಮೆಯ ಕಾಗದ ಎಲ್ಲೈತಿ?" ಅಂತಲೂ ಒಂದು ಮಾತು ಕೇಳಿರಿ. ತಂದರೆ ತೆಗೆದು ಓದಿರಿ. ಎತ್ತರದ ಕೆಲಸ ಅಂತ ಬರೆದಿದೆಯೇ, ಜನರ ಸಂಖ್ಯೆ ಸರಿ ಇದೆಯೇ ನೋಡಿರಿ. ಅದು ಸಂಘದ ಸಾಲಕ್ಕೂ ಭದ್ರತೆ, ಆ ಹುಡುಗನ ಮನೆಗೂ ಭದ್ರತೆ, ಅವನ ಕೈಕೆಳಗೆ ಏರುವ ಇನ್ನೊಬ್ಬ ತಾಯಿಯ ಮಗನಿಗೂ ಭದ್ರತೆ. ಹದಿನೈದು ವರ್ಷದ ಹಿಂದೆ ನನಗೆ ಯಾರಾದರೂ ಆ ಒಂದು ಪ್ರಶ್ನೆ ಕೇಳಿದ್ದರೆ ಇವತ್ತು ಆ ಎರಡು ಎಕರೆಯಲ್ಲಿ ನಮ್ಮ ಮನೆಯ ಜೋಳ ಇರುತ್ತಿತ್ತು. ಅದು ಹೋಗಲಿ. ಆ ಹುಡುಗನಿಗೆ ಮೊದಲ ದಿನವೇ, ಯಾರ ಬಾಗಿಲೂ ಕಾಯದೆ, ಅವನ ಹಕ್ಕಿನ ಹಣ ಸಿಗುತ್ತಿತ್ತು.

ಈ ಸಂಘ ಬೆಳ್ಳಿಯಿಂದ ಬಂಗಾರಕ್ಕೆ, ಬಂಗಾರದಿಂದ ವಜ್ರಕ್ಕೆ ಬೆಳೆಯಲಿ, ಅದರ ಸದಸ್ಯರ ಮಕ್ಕಳು ಎಷ್ಟು ಎತ್ತರ ಏರಿದರೂ ಸುಖವಾಗಿ ಕೆಳಗಿಳಿದು ಮನೆಗೆ ಬರಲಿ ಎಂದು ಹಾರೈಸುತ್ತೇನೆ.

ಜೈ ಸಹಕಾರ.